ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುವುದು, ಎಸ್‌ಎಂಪಿಎಸ್ ಮೇಲಿನ ಅನುಮಾನ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರದ ಕಡೆಯಿಂದ ರಿಪೇರಿಗೆ ಬರುವವರು, ಫೋನ್ ಮಾಡುವವರು, ಪತ್ರ ಬರೆಯುವವರು ಕೇಳಿದ ಪ್ರಶ್ನೆಗಳನ್ನು ಆದಷ್ಟೂ ಅವರದೇ ಮಾತಿನಲ್ಲಿ ಇಲ್ಲಿ ಇಡಲಾಗಿದೆ. ಎಲ್ಲವೂ ಡೆಸ್ಕ್‌ಟಾಪ್ ಯಂತ್ರಗಳಿಗೆ ಸೇರಿದವು; ಬ್ಯಾಟರಿ ಇರುವ ಲ್ಯಾಪ್‌ಟಾಪ್‌ನ ಲೆಕ್ಕ ಬೇರೆ. ಈ ತೊಂದರೆಗೆ ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗೆ ಕರೆಂಟು ಪೂರೈಸುವ ಡಬ್ಬಿ) ಬದಲಿಸುವುದೇ ಮದ್ದು ಎಂದು ನಂಬಿ ಹಣ ಕಳೆದುಕೊಂಡವರು ಬಹಳ ಜನ. ಯಂತ್ರ ಯಾವ ಹೊತ್ತಿಗೆ, ಏನು ಮಾಡುತ್ತಿದ್ದಾಗ, ಯಾವ ಬಗೆಯಲ್ಲಿ ನಿಂತಿತು ಎಂಬುದನ್ನು ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟರೆ ಅರ್ಧ ಕೆಲಸ ಅಲ್ಲಿಯೇ ಆಗಿರುತ್ತದೆ.

## ಮೊದಲಿಗೆ ತಿಳಿಯಬೇಕಾದದ್ದು

ಕೆಲಸ ಮಾಡ್ತಾ ಇದ್ದ ಹಾಗೇ ಆಫ್ ಆಗಿ ತಾನೇ ಆನ್ ಆಗುತ್ತೆ ಸರ್. ಎಸ್‌ಎಂಪಿಎಸ್ ಹೋಗಿದೆ ಅಂತಾನಾ?

ಹಾಗೆಂದು ಒಂದೇ ಮಾತಿಗೆ ತೀರ್ಮಾನಿಸಲಾಗದು. ಗೋಡೆಯ ಸಾಕೆಟ್ಟಿನಿಂದ ಬರುವ ಕರೆಂಟು ಕೈಕೊಟ್ಟಿರಬಹುದು, ಆ ಕರೆಂಟನ್ನು ಬದಲಿಸಿಕೊಡುವ ಎಸ್‌ಎಂಪಿಎಸ್ ಸೋತಿರಬಹುದು, ಇಲ್ಲವೇ ಕರೆಂಟು ಸರಿಯಾಗಿಯೇ ಇದ್ದು ರ‍್ಯಾಮ್, ಮದರ್‌ಬೋರ್ಡ್, ಡ್ರೈವರ್ ಅಥವಾ ವಿಂಡೋಸ್ ಯಂತ್ರವನ್ನು ನಿಲ್ಲಿಸಿರಬಹುದು. ನಿಂತ ಬಗೆಯೇ ಇವುಗಳ ನಡುವೆ ವ್ಯತ್ಯಾಸ ಹೇಳುತ್ತದೆ. ದೋಷದ ಪರದೆ ಕಾಣಿಸಿಕೊಂಡು ನಂತರ ನಿಂತಿದ್ದರೆ, ತಪ್ಪು ನಡೆದದ್ದು ವಿಂಡೋಸ್‌ಗೆ ಗೊತ್ತಾಗಿದೆ ಮತ್ತು ಅದನ್ನು ಬರೆದಿಡಲು ಅದಕ್ಕೆ ಸಮಯವೂ ಸಿಕ್ಕಿದೆ. ಅಂದರೆ ಕರೆಂಟು ಹೋಗಿರಲಿಲ್ಲ. ಪರದೆ ಒಮ್ಮೆಲೇ ಕಪ್ಪಾಗಿ, ಫ್ಯಾನ್‌ಗಳ ಸದ್ದೂ ಆ ಕ್ಷಣವೇ ನಿಂತಿದ್ದರೆ ಕರೆಂಟಿನ ಕಡೆ ಅನುಮಾನ ಪಡಬೇಕು. ಪರದೆ ಹೆಪ್ಪುಗಟ್ಟಿದಂತೆ ನಿಂತು, ಮೌಸ್ ಅಲ್ಲಾಡದೆ, ಫ್ಯಾನ್ ಮಾತ್ರ ತಿರುಗುತ್ತಿದ್ದರೆ ಅದು ಸಾಮಾನ್ಯವಾಗಿ ಎಸ್‌ಎಂಪಿಎಸ್‌ನ ದೋಷವಲ್ಲ.

ಈ ಎಸ್‌ಎಂಪಿಎಸ್ ಅನ್ನೋದು ನಿಜವಾಗಿ ಏನು ಮಾಡುತ್ತೆ?

ಮನೆಗೆ ಬರುವ 230 ವೋಲ್ಟ್, 50 ಹರ್ಟ್ಜ್ ಎಸಿ ಕರೆಂಟನ್ನು ಅದು 12 ವೋಲ್ಟ್, 5 ವೋಲ್ಟ್ ಮತ್ತು 3.3 ವೋಲ್ಟ್‌ಗಳ ಡಿಸಿ ಆಗಿ ಬದಲಿಸಿ ಕೊಡುತ್ತದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಈಗ ಬಹುಪಾಲು 12 ವೋಲ್ಟಿನ ಮೇಲೆಯೇ ನಿಂತಿವೆ. ಕಂಪ್ಯೂಟರ್ ಆಫ್ ಇದ್ದಾಗಲೂ ಜೀವಂತವಾಗಿರುವ ಇನ್ನೊಂದು 5 ವೋಲ್ಟಿನ ಸಾಲು ಇರುತ್ತದೆ. ಮುಂದಿನ ಬಟನ್ ಒತ್ತಿದಾಗ ಯಂತ್ರ ಎಚ್ಚರಗೊಳ್ಳುವುದು ಅದರಿಂದ.

ರೀಸ್ಟಾರ್ಟ್ ವಿಚಾರದಲ್ಲಿ ಮುಖ್ಯವಾದ ಸಂಗತಿ ಬೇರೆ ಇದೆ. ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಸಾಮಾನ್ಯವಾಗಿ ಬೂದು ಬಣ್ಣದ ಒಂದು ವೈರ್ ಹೋಗುತ್ತದೆ, ಅದರ ಹೆಸರು ಪವರ್ ಗುಡ್. ಎಲ್ಲ ವೋಲ್ಟೇಜುಗಳೂ ಮಿತಿಯೊಳಗಿವೆ ಎಂದು ಖಾತ್ರಿಯಾದ ಮೇಲೆ, ಅಂದರೆ ಆನ್ ಆದ 100ರಿಂದ 500 ಮಿಲಿಸೆಕೆಂಡಿನೊಳಗೆ, ಈ ವೈರಿನಲ್ಲಿ 5 ವೋಲ್ಟ್ ಬರುತ್ತದೆ. ಅದು ಇರುವವರೆಗೆ ಪ್ರೊಸೆಸರ್ ಓಡುತ್ತದೆ. ಅದು ಕ್ಷಣಮಾತ್ರ ಇಳಿದರೂ ಮದರ್‌ಬೋರ್ಡ್ ಎಲ್ಲವನ್ನೂ ರೀಸೆಟ್ ಮಾಡುತ್ತದೆ. ಯಾವ ಸೂಚನೆಯೂ ಇಲ್ಲದೆ ಯಂತ್ರ ಮೊದಲಿನಿಂದ ಶುರುವಾಗುವುದರ ಹಿಂದೆ ಹಲವು ಬಾರಿ ಇರುವುದು ಇದೇ ವೈರು.

ನಮ್ಮದು ಆಫ್ ಆದ್ರೆ ಆಫೇ. ಪಕ್ಕದ ಅಂಗಡಿಯವರದ್ದು ತಾನೇ ಮತ್ತೆ ಆನ್ ಆಗುತ್ತೆ. ಯಾಕೆ?

ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗುಗಳಲ್ಲಿ, ಕರೆಂಟು ಹೋಗಿ ಮರಳಿ ಬಂದಾಗ ಯಂತ್ರ ಏನು ಮಾಡಬೇಕು ಎಂಬ ಆಯ್ಕೆ ಇರುತ್ತದೆ: ಆಫ್ ಆಗಿಯೇ ಇರುವುದು, ಆನ್ ಆಗುವುದು, ಹಿಂದಿನ ಸ್ಥಿತಿಗೆ ಮರಳುವುದು. ಪರೀಕ್ಷೆಯ ಅವಧಿಯಲ್ಲಿ ಇದನ್ನು ಆಫ್ ಆಗಿರುವಂತೆ ಇಡುವುದು ಒಳ್ಳೆಯದು. ಆಗ ಗೋಡೆಯ ಕರೆಂಟು ಕಡಿದರೆ ಯಂತ್ರ ಆಫ್ ಆಗಿ ಉಳಿಯುತ್ತದೆ, ವಿಂಡೋಸ್ ಅಥವಾ ಮದರ್‌ಬೋರ್ಡ್ ರೀಸೆಟ್ ಮಾಡಿದರೆ ಮತ್ತೆ ಶುರುವಾಗುತ್ತದೆ. ಖರ್ಚಿಲ್ಲದ ಪರೀಕ್ಷೆ ಇದು, ಮಾಡುವವರು ಕಡಿಮೆ.

ರಾತ್ರಿ ಆನ್ ಇಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದ್ರೆ ಎಲ್ಲಾ ಫೈಲೂ ಕ್ಲೋಸ್ ಆಗಿದೆ.

ಬಹುತೇಕ ಅದು ವಿಂಡೋಸ್ ಅಪ್‌ಡೇಟ್. ವಿಂಡೋಸ್ ತನ್ನ ದಾಖಲೆಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನ ಸಿಸ್ಟಮ್ ವಿಭಾಗದಲ್ಲಿ ಆ ಹೊತ್ತಿಗೆ 1074 ಎಂಬ ಸಂಖ್ಯೆಯ ದಾಖಲೆ ಇದ್ದರೆ, ಯಾವುದೋ ಪ್ರೋಗ್ರಾಂ ಅಥವಾ ಬಳಕೆದಾರರು ಕ್ರಮಪ್ರಕಾರವಾಗಿಯೇ ರೀಸ್ಟಾರ್ಟ್ ಮಾಡಿದ್ದಾರೆ ಎಂದು ತಿಳಿಯಬೇಕು. ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವ್ ಅವರ್ಸ್, ಅಂದರೆ ವಿಂಡೋಸ್ ತಾನಾಗಿ ರೀಸ್ಟಾರ್ಟ್ ಮಾಡಬಾರದ ಹೊತ್ತನ್ನು, ಸರಿಪಡಿಸಿಕೊಂಡರೆ ಸಾಕು.

ನೀಲಿ ಪರದೆ ಒಂದು ಕ್ಷಣ ಬಂದು ಹೋಗುತ್ತೆ, ಓದೋಕೇ ಆಗಲ್ಲ.

ದೋಷ ಕಂಡ ಕೂಡಲೇ ರೀಸ್ಟಾರ್ಟ್ ಮಾಡು ಎಂಬ ಸೂಚನೆ ವಿಂಡೋಸ್‌ನಲ್ಲಿ ಮೊದಲೇ ಇರುತ್ತದೆ. ಸಿಸ್ಟಮ್ ಪ್ರಾಪರ್ಟೀಸ್ ತೆರೆದು, ಅಡ್ವಾನ್ಸ್‌ಡ್ ಟ್ಯಾಬಿನ ಸ್ಟಾರ್ಟಪ್ ಅಂಡ್ ರಿಕವರಿ ವಿಭಾಗಕ್ಕೆ ಹೋಗಿ, ಆಟೊಮ್ಯಾಟಿಕಲಿ ರೀಸ್ಟಾರ್ಟ್ ಎಂಬುದರ ಮುಂದಿನ ಗುರುತನ್ನು ತೆಗೆದುಹಾಕಿ. ಮುಂದಿನ ಬಾರಿ ಪರದೆ ಹಾಗೆಯೇ ನಿಲ್ಲುತ್ತದೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. 2025ರಿಂದ ವಿಂಡೋಸ್ 11ರಲ್ಲಿ ಈ ಪರದೆಯ ಬಣ್ಣ ಕಪ್ಪಾಗಿದೆ. ಆದ್ದರಿಂದ ಪರದೆ ಕಪ್ಪಾಯಿತು ಎಂದಷ್ಟಕ್ಕೇ ಕರೆಂಟಿನ ದೋಷವೆಂದು ಹೇಳುವಂತಿಲ್ಲ. ಅದರಲ್ಲಿ ಅಕ್ಷರ ಇತ್ತೇ ಎಂಬುದನ್ನೂ ನೋಡಬೇಕು.

## ಮನೆಯ ಕರೆಂಟು, ಯುಪಿಎಸ್, ಅರ್ಥಿಂಗ್

ತೋಟದ ಮೋಟಾರ್ ಆನ್ ಮಾಡಿದ ಕೂಡಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತೆ. ಎರಡಕ್ಕೂ ಏನು ಸಂಬಂಧ?

ಸಂಬಂಧ ನೇರವಾಗಿಯೇ ಇದೆ. ಸಾಮಾನ್ಯ ಸ್ಟಾರ್ಟರ್‌ನಿಂದ ನೇರವಾಗಿ ಚಾಲೂ ಮಾಡುವ ಮೋಟಾರು ಮೊದಲ ಕ್ಷಣಗಳಲ್ಲಿ ತನ್ನ ಮಾಮೂಲಿ ಕರೆಂಟಿನ ಐದರಿಂದ ಏಳು ಪಟ್ಟು ಎಳೆಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದಿರುವುದರಿಂದ ಮೋಟಾರುಗಳೂ ದೊಡ್ಡವೇ. ಟಿಸಿಯಿಂದ (ಬೀದಿಯ ಟ್ರಾನ್ಸ್‌ಫಾರ್ಮರ್) ಮನೆಯವರೆಗಿನ ತಂತಿ ಉದ್ದವಾದಷ್ಟೂ, ಆ ಎಳೆತಕ್ಕೆ ತಂತಿಯಲ್ಲೇ ಬಿದ್ದುಹೋಗುವ ವೋಲ್ಟೇಜ್ ಹೆಚ್ಚು. ಲೈನಿನ ಕೊನೆಯ ಮನೆಯಲ್ಲಿ ಆ ಹೊತ್ತಿಗೆ ಬಲ್ಬು ಮಂಕಾಗುವುದು ಇದರಿಂದಲೇ. ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ಟುಗಳ ಫೀಡರನ್ನು ಊರಿನ ಫೀಡರಿನಿಂದ ಬೇರೆ ಮಾಡಿರುವ ಕಡೆ ಈ ತೊಂದರೆ ಕಡಿಮೆ. ತೋಟದ ಮನೆಗೆ ಪಂಪಿನ ಲೈನಿನಿಂದಲೇ ಕರೆಂಟು ಬರುತ್ತಿದ್ದರೆ ಅದು ಹಾಗೆಯೇ ಉಳಿದಿರುತ್ತದೆ.

ಎಸ್‌ಎಂಪಿಎಸ್‌ನೊಳಗೆ ಒಂದು ದೊಡ್ಡ ಕೆಪಾಸಿಟರ್ ಇದ್ದು, ಹೊರಗಿನ ಕರೆಂಟು ಕಡಿದರೂ ಸುಮಾರು 16ರಿಂದ 17 ಮಿಲಿಸೆಕೆಂಡು ಯಂತ್ರವನ್ನು ಹಿಡಿದು ನಿಲ್ಲಿಸಬೇಕೆಂಬುದು ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳಿಗಿರುವ ಎಟಿಎಕ್ಸ್ ಮಾನದಂಡದ ಲೆಕ್ಕ. ಪಿಎಫ್‌ಸಿ (ಲೈನಿನಿಂದ ಕರೆಂಟನ್ನು ಸಮನಾಗಿ ಎಳೆಯುವ ಒಳಗಿನ ಸರ್ಕ್ಯೂಟು) ಇಲ್ಲದ ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಈ ಕೆಪಾಸಿಟರಿನ ವೋಲ್ಟೇಜ್ ಮನೆಯ ವೋಲ್ಟೇಜನ್ನೇ ಅನುಸರಿಸುತ್ತದೆ, ಮತ್ತು ಅದರಲ್ಲಿ ತುಂಬಿರುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ಹೀಗಾಗಿ 230 ಇರಬೇಕಾದಲ್ಲಿ 180 ಬರುತ್ತಿದ್ದರೆ, ಸಂಗ್ರಹ ಸುಮಾರು ಶೇಕಡ 61ಕ್ಕೆ ಇಳಿದಿರುತ್ತದೆ. ಇದು ಹೊಸ ಕೆಪಾಸಿಟರಿನ ಮಾತು. ವರ್ಷಗಟ್ಟಲೆ ಬಿಸಿಯಲ್ಲಿ ಒಣಗಿದ್ದರೆ ಇನ್ನೂ ಕಡಿಮೆ. ಮೋಟಾರು ಚಾಲೂ ಆಗುವಾಗ ಮಲ್ಟಿಮೀಟರನ್ನು ಎಸಿ ಕಡೆಗೆ ತಿರುಗಿಸಿ ಅದೇ ಸಾಕೆಟ್ಟಿನಲ್ಲಿ ಇಟ್ಟು ನೋಡಿ. ಮೀಟರು ನಿಧಾನಿ, ಅದು 190 ತೋರಿಸಿದರೆ ನಿಜವಾದ ಇಳಿತ ಇನ್ನೂ ಆಳವಾಗಿರುವ ಸಾಧ್ಯತೆ ಇದೆ.

ಸಕ್ರಿಯ ಪಿಎಫ್‌ಸಿ ಇರುವ ಎಸ್‌ಎಂಪಿಎಸ್, ಅಂದರೆ ಲೇಬಲ್ಲಿನಲ್ಲಿ 100ರಿಂದ 240 ವೋಲ್ಟ್ ಎಂದು ಬರೆದಿರುವಂಥದ್ದು, ಇಂಥ ಇಳಿತಗಳನ್ನು ಬಹಳ ಮಟ್ಟಿಗೆ ತಡೆದುಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ ತೋಟದ ಮನೆಗಳಿಗೆ ವ್ಯಾಟ್ ಲೆಕ್ಕಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನು.

ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದೆ. ಆದ್ರೂ ನಮ್ಮ ಊರಲ್ಲಿ ಲೋ ವೋಲ್ಟೇಜ್ ಯಾಕೆ?

ಪಾವಗಡದ 2,050 ಮೆಗಾವ್ಯಾಟ್ ಹೈ ವೋಲ್ಟೇಜ್ ಗ್ರಿಡ್ಡಿಗೆ ಸೇರುತ್ತದೆ. ನಿಮ್ಮ ಸಾಕೆಟ್ಟಿನ ವೋಲ್ಟೇಜನ್ನು ನಿರ್ಧರಿಸುವುದು 11 ಕಿಲೋವೋಲ್ಟ್ ಫೀಡರಿನ ಉದ್ದ, ಬೀದಿಯ ಟಿಸಿಯ ಮೇಲಿನ ಹೊರೆ ಮತ್ತು ಅಲ್ಲಿಂದ ಮನೆಗೆ ಬಂದ ತಂತಿಯ ದಪ್ಪ. ಹೊತ್ತು ಮತ್ತು ವೋಲ್ಟೇಜನ್ನು ಒಂದು ವಾರ ಬರೆದಿಟ್ಟು ಬೆಸ್ಕಾಂ ಉಪವಿಭಾಗಕ್ಕೆ ಅರ್ಜಿ ಕೊಟ್ಟರೆ, ಬಾಯಿಮಾತಿನ ದೂರಿಗಿಂತ ಅದಕ್ಕೆ ತೂಕ ಹೆಚ್ಚು.

ಸ್ಟೆಬಿಲೈಜರ್ ಹಾಕಿದ್ರೆ ಸಾಕಲ್ವಾ?

ಫ್ರಿಜ್ಜಿಗೆ ಇಡುವ ರಿಲೇ ಬಗೆಯ ಸ್ಟೆಬಿಲೈಜರ್ ದಿನವಿಡೀ ಇರುವ ಲೋ ವೋಲ್ಟೇಜನ್ನು ಎತ್ತಿಕೊಡುತ್ತದೆ, ಕ್ಷಣದ ಇಳಿತವನ್ನಲ್ಲ. ಅದರೊಳಗಿನ ರಿಲೇ ಟಕ್ ಎಂದು ಬದಲಾಗುವಾಗ ಕರೆಂಟು ತುಸು ಕಡಿಯುತ್ತದೆ. ಸೋತ ಎಸ್‌ಎಂಪಿಎಸ್‌ಗೆ ಅಷ್ಟೇ ಸಾಕು. ಕಂಪ್ಯೂಟರಿಗೆ ಬೇಕಾದದ್ದು ವೋಲ್ಟೇಜ್ ಸರಿಪಡಿಸುವ ಸೌಲಭ್ಯವೂ ಇರುವ ಲೈನ್ ಇಂಟರಾಕ್ಟಿವ್ ಯುಪಿಎಸ್.

ಮನೆಗೆ ಇನ್‌ವರ್ಟರ್ ಇದೆ. ಕರೆಂಟ್ ಹೋದಾಗ ಫ್ಯಾನ್, ಟಿವಿ ನಡೆಯುತ್ತೆ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತೆ.

ಹೆಚ್ಚಿನ ಇನ್‌ವರ್ಟರುಗಳ ಹಿಂಬದಿಯಲ್ಲಿ ಅಥವಾ ಮುಂಬದಿಯಲ್ಲಿ ನಾರ್ಮಲ್ ಮತ್ತು ಯುಪಿಎಸ್ ಎಂಬ ಎರಡು ಸ್ಥಾನಗಳ ಒಂದು ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿ ಅದು ಬಹಳ ಕಡಿಮೆ ವೋಲ್ಟೇಜನ್ನೂ ಹಾಗೆಯೇ ಮನೆಗೆ ಬಿಡುತ್ತದೆ, ಬ್ಯಾಟರಿಗೆ ಬದಲಾಗಲು ತೆಗೆದುಕೊಳ್ಳುವ ಸಮಯವೂ ಹೆಚ್ಚು. ಫ್ಯಾನು ತನ್ನ ವೇಗದಲ್ಲೇ ಆ ಅಂತರವನ್ನು ದಾಟಿಬಿಡುತ್ತದೆ, ಕಂಪ್ಯೂಟರಿಗೆ ಅದು ಆಗದು. ಸ್ವಿಚ್ಚನ್ನು ಯುಪಿಎಸ್ ಕಡೆಗೆ ಹಾಕಿ ಮೂರ್ನಾಲ್ಕು ಬಾರಿ ಮೇನ್ ಆಫ್ ಮಾಡಿ ನೋಡಿ. ಹಲವರ ತೊಂದರೆ ಇಲ್ಲಿಗೇ ಮುಗಿಯುತ್ತದೆ. ಆದರೆ ಆ ಸ್ಥಾನದಲ್ಲಿ, ವೋಲ್ಟೇಜ್ ಸ್ವಲ್ಪ ಇಳಿದರೂ ಇನ್‌ವರ್ಟರ್ ಬ್ಯಾಟರಿಗೆ ಹೋಗುವುದರಿಂದ, ಸದಾ ಲೋ ವೋಲ್ಟೇಜ್ ಇರುವ ಊರಿನಲ್ಲಿ ಬ್ಯಾಟರಿ ಬೇಗ ಸವೆಯುತ್ತದೆ.

ಯುಪಿಎಸ್ಸೇ ಇದೆ ಸರ್. ಆದ್ರೂ ಕರೆಂಟ್ ಹೋದ ತಕ್ಷಣ ಎಲ್ಲಾ ಆಫ್.

ಮೊದಲ ಅನುಮಾನ ಬ್ಯಾಟರಿಯದು. 600 ವಿಎ ಯುಪಿಎಸ್‌ನೊಳಗೆ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಗಂಟೆಯ ಒಂದು ಮುಚ್ಚಿದ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ, ಎರಡು ಮೂರು ವರ್ಷಕ್ಕೆ ಅದು ಸೋಲುವುದು ಸಹಜ. ಹೊರೆ ಇಲ್ಲದಾಗ ಮೀಟರಿನಲ್ಲಿ 12.8 ತೋರಿಸಿ, ಹೊರೆ ಬಿದ್ದ ಕೂಡಲೇ 10ಕ್ಕಿಂತ ಕೆಳಗೆ ಕುಸಿಯುವ ಬ್ಯಾಟರಿ ನಿಷ್ಪ್ರಯೋಜಕ. ಎರಡನೆಯದು ಹೊರೆಯ ಲೆಕ್ಕ: 600 ವಿಎ ಎಂದರೆ 600 ವ್ಯಾಟ್ ಅಲ್ಲ, ಈ ಬಗೆಯ ಯುಪಿಎಸ್‌ಗಳಲ್ಲಿ ಅದು ಹೆಚ್ಚಾಗಿ 360 ವ್ಯಾಟ್. ಗ್ರಾಮ ಒನ್ ಕೇಂದ್ರಗಳಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ ಲೇಸರ್ ಪ್ರಿಂಟರನ್ನೂ ಅದೇ ಯುಪಿಎಸ್‌ಗೆ ಸಿಕ್ಕಿಸಿರುವುದನ್ನು ಕಾಣುತ್ತೇವೆ. ಪ್ರಿಂಟರಿನ ಫ್ಯೂಸರ್ (ಶಾಯಿಪುಡಿಯನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವ ಭಾಗ) ಬಿಸಿಯಾಗುವಾಗ ಎಳೆಯುವ ಕರೆಂಟಿಗೇ ಯುಪಿಎಸ್ ಕೈಚೆಲ್ಲುತ್ತದೆ. ಪ್ರಿಂಟ್ ಕೊಟ್ಟಾಗಲೇ ರೀಸ್ಟಾರ್ಟ್ ಆಗುತ್ತದೆ ಎನ್ನುವವರು ಪ್ರಿಂಟರನ್ನು ಗೋಡೆಯ ಸಾಕೆಟ್ಟಿಗೆ ಬದಲಿಸಿ ನೋಡಿದರೆ ಉತ್ತರ ಸಿಗುತ್ತದೆ. ಮೂರನೆಯ ಕಾರಣ ಅಪರೂಪದ್ದು: ಅಗ್ಗದ ಯುಪಿಎಸ್ ಬ್ಯಾಟರಿಯಲ್ಲಿದ್ದಾಗ ಕೊಡುವ ಮೆಟ್ಟಿಲು ಮೆಟ್ಟಿಲಾದ ತರಂಗವನ್ನು ಪಿಎಫ್‌ಸಿ ಇರುವ ಕೆಲವು ಎಸ್‌ಎಂಪಿಎಸ್‌ಗಳು ಒಪ್ಪುವುದಿಲ್ಲ.

ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತೆ. ಅದಕ್ಕೂ ರೀಸ್ಟಾರ್ಟ್‌ಗೂ ಸಂಬಂಧ ಇದೆಯಾ?

ಜುಮ್ ಎನ್ನುವುದು ಅರ್ಥಿಂಗ್ ಇಲ್ಲ ಎಂಬುದರ ಗುರುತು. ಎಸ್‌ಎಂಪಿಎಸ್ ಒಳಗೆ ಬರುವ ದಾರಿಯಲ್ಲೇ, ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಡಬ್ಬಿಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅರ್ಥ್ ಸರಿಯಿದ್ದರೆ ಅಲ್ಲಿನ ಸೋರಿಕೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೇಲೆ ಅರ್ಧ ವೋಲ್ಟೇಜ್, ಅಂದರೆ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಕರೆಂಟಿನ ಪ್ರಮಾಣ ತೀರ ಸಣ್ಣದಾದ್ದರಿಂದ ಜುಮ್ ಎನ್ನುತ್ತದೆ, ಅಷ್ಟೇ. ಆದರೆ ಒಳಗೆ ಬೇರೆ ದೋಷವಾಗಿ ಫೇಸ್ ನೇರವಾಗಿ ಡಬ್ಬಿಗೆ ತಾಗಿದ ದಿನ ಅದನ್ನು ತಡೆಯಲು ಏನೂ ಇರುವುದಿಲ್ಲ. ಆದ್ದರಿಂದ ರೀಸ್ಟಾರ್ಟ್‌ಗಿಂತ ಮೊದಲು ಇದನ್ನು ಸರಿಪಡಿಸಬೇಕು.

ಅರ್ಥ್ ನೆಲಕ್ಕೆ ಸೇರದೆ ತೇಲುತ್ತಿದ್ದರೆ ಯುಎಸ್‌ಬಿ ಸಾಧನ ಸಿಕ್ಕಿಸಿದಾಗ, ಕೇಬಲ್ ಟಿವಿಯ ಅಥವಾ ನೆಟ್‌ವರ್ಕಿನ ತಂತಿ ಮುಟ್ಟಿಸಿದಾಗ ಯಂತ್ರ ಹೆಪ್ಪುಗಟ್ಟುವುದು, ರೀಸೆಟ್ ಆಗುವುದು ಉಂಟು. ಸಾಕೆಟ್ಟಿನಲ್ಲಿ ಫೇಸ್‌ನಿಂದ ಅರ್ಥಿಗೆ ಅಳೆದಾಗ, ಫೇಸ್‌ನಿಂದ ನ್ಯೂಟ್ರಲ್‌ಗೆ ಬರುವಷ್ಟೇ ವೋಲ್ಟೇಜ್ ಬರಬೇಕು. ನ್ಯೂಟ್ರಲ್‌ನಿಂದ ಅರ್ಥಿಗೆ ಎರಡು ಮೂರು ವೋಲ್ಟ್ ದಾಟಬಾರದು. ಬಂಡೆ ಮತ್ತು ಒಣ ಕೆಂಪುಮಣ್ಣಿನ ನಮ್ಮ ಸೀಮೆಯಲ್ಲಿ ಮನೆ ಕಟ್ಟಿದಾಗ ತೋಡಿದ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಸಂಪೂರ್ಣ ಒಣಗಿರುತ್ತದೆ. ಇದ್ದಿಲು, ಉಪ್ಪು ಹಾಕಿ ಮುಚ್ಚಿದ ಆ ಗುಂಡಿಗೆ ಆಗಾಗ ನೀರು ಬಿಡಬೇಕೆಂಬುದು ಹಲವರಿಗೆ ಮರೆತೇ ಹೋಗಿರುತ್ತದೆ. ಅರ್ಥ್ ಬದಲಿಗೆ ನ್ಯೂಟ್ರಲನ್ನೇ ಮೂರನೆಯ ಪಿನ್ನಿಗೆ ಜೋಡಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದು ಪ್ರಾಣಕ್ಕೆ ಅಪಾಯ.

ಒಂದು ರೂಮಿನ ಬಲ್ಬು ಜೋರಾಗಿ ಉರೀತು, ಪಕ್ಕದ ಮನೇದು ಮಂಕಾಯ್ತು. ಆವಾಗ್ಲೇ ಕಂಪ್ಯೂಟರೂ ಹೋಯ್ತು.

ಇದು ನ್ಯೂಟ್ರಲ್ ಕಡಿದ ಲಕ್ಷಣ. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಬಿಟ್ಟುಹೋದರೆ, ಹೊರೆ ಕಡಿಮೆ ಇರುವ ಮನೆಗೆ 230ರ ಬದಲು 400 ವೋಲ್ಟಿನ ಹತ್ತಿರದವರೆಗೂ ಬರಬಹುದು. ಕೂಡಲೇ ಮೇನ್ ಆಫ್ ಮಾಡಿ, ಬೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ. ಲೈನ್‌ಮನ್ ಬಂದು ಸರಿಪಡಿಸಿ, ವೋಲ್ಟೇಜ್ ಅಳೆದು ತೋರಿಸುವವರೆಗೂ ಕಂಪ್ಯೂಟರನ್ನು ಸಿಕ್ಕಿಸಬೇಡಿ.

ಟೇಬಲ್ಲಿಗೆ ಕಾಲು ತಾಗಿದ್ರೂ ರೀಸ್ಟಾರ್ಟ್ ಆಗುತ್ತೆ!

ಪವರ್ ಕೇಬಲ್ಲನ್ನು ಎರಡೂ ತುದಿಯಲ್ಲಿ ಕಿತ್ತು ನೋಡಿ. ಪ್ಲಗ್ಗಿನ ದುಂಡು ಪಿನ್ನಿನ ಬುಡದಲ್ಲಿ ಪ್ಲಾಸ್ಟಿಕ್ ಕಂದಾಗಿ ಸ್ವಲ್ಪ ಕರಗಿದಂತಿದ್ದರೆ, ಹಿತ್ತಾಳೆಯ ಮೇಲೆ ಕಪ್ಪು ಚುಕ್ಕೆಗಳಿದ್ದರೆ, ಎಕ್ಸ್‌ಟೆನ್ಶನ್ ಬೋರ್ಡಿನ ಒಳಗಿನ ಪತ್ತಿ ಸಡಿಲವಾಗಿ ಅಲ್ಲಿ ಕಿಡಿ ಹಾರುತ್ತಿದೆ ಎಂದು ತಿಳಿಯಿರಿ. ಬೋರ್ಡು, ಕೇಬಲ್ಲು ಎರಡನ್ನೂ ಬದಲಿಸಬೇಕು. ಹೊಸ ಕೇಬಲ್ಲನ್ನು ಅದೇ ಬೋರ್ಡಿಗೆ ಹಾಕಿದರೆ ಅದೂ ಕಂದುತ್ತದೆ.

## ಕ್ಯಾಬಿನೆಟ್ಟಿನ ಒಳಗೆ

ಬೇಸಿಗೆ ಮಧ್ಯಾಹ್ನ ಮಾತ್ರ ಆಫ್ ಆಗುತ್ತೆ. ಬಿಸಿಗೂ ಇದಕ್ಕೂ ಸಂಬಂಧವಾ?

ಇದೆ, ಆದರೆ ಎರಡು ಬಗೆಯ ಬಿಸಿಯನ್ನು ಬೇರೆ ಮಾಡಿ ನೋಡಬೇಕು. ಪ್ರೊಸೆಸರ್ 100 ಡಿಗ್ರಿಯ ಆಸುಪಾಸಿಗೆ ಬಂದಾಗ ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಯಂತ್ರವನ್ನು ಆಫ್ ಮಾಡುತ್ತದೆ. ಆಫ್ ಆಗುವ ಮೊದಲು ನಿಧಾನವಾಗಿತ್ತೇ ಎಂಬುದು ಇಲ್ಲಿನ ಸುಳಿವು. ಎಸ್‌ಎಂಪಿಎಸ್ ಬಿಸಿಯಾದರೆ ಅಂಥ ಮುನ್ಸೂಚನೆ ಇರುವುದಿಲ್ಲ, ಆಫ್ ಆದ ಮೇಲೆ ಹತ್ತು ನಿಮಿಷ ಆರುವವರೆಗೆ ಆನ್ ಕೂಡ ಆಗದು.

ಚಿಕ್ಕಬಳ್ಳಾಪುರದ ಕ್ರಷರುಗಳ ಸುತ್ತಲಿನ ಊರುಗಳಿಂದ ಬರುವ ಯಂತ್ರಗಳಲ್ಲಿ ಎಸ್‌ಎಂಪಿಎಸ್ ಫ್ಯಾನಿನ ರೆಕ್ಕೆಗಳ ಅಂಚಿನಲ್ಲಿ ಬೂದುಬಣ್ಣದ ಕಲ್ಲುಪುಡಿ ಗಟ್ಟಿಯಾಗಿ ಕಟ್ಟಿಕೊಂಡಿರುತ್ತದೆ, ಬ್ರಷ್ಷಿಗೆ ಸುಲಭವಾಗಿ ಬಿಡುವುದಿಲ್ಲ. ತಿಪಟೂರಿನ ಕಡೆಯ ನಾರಿನ ಘಟಕಗಳ ಯಂತ್ರಗಳಲ್ಲಿ ಪ್ರೊಸೆಸರಿನ ಹೀಟ್‌ಸಿಂಕಿನ ಮೇಲೆ ಕಂಬಳಿಯಂತೆ ಒಂದು ಪದರವೇ ಎದ್ದುಬರುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿಯಿರಿ, ಇಲ್ಲದಿದ್ದರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಹೀಟ್‌ಸಿಂಕ್ ತೆಗೆದರೆ ಥರ್ಮಲ್ ಪೇಸ್ಟನ್ನೂ ಹೊಸದಾಗಿ ಹಚ್ಚಬೇಕು.

ಗೇಮ್ ಆಡುವಾಗ, ವಿಡಿಯೊ ಎಡಿಟ್ ಮಾಡುವಾಗ ಮಾತ್ರ ಹೀಗಾಗುತ್ತೆ. ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಅಂತ ಬರೆದಿದೆ, ಸಾಕಲ್ವಾ?

ಹೊರೆ ಏರಿದಾಗಲೇ ನಿಲ್ಲುವ ಯಂತ್ರದಲ್ಲಿ ಎಸ್‌ಎಂಪಿಎಸ್ ಮೇಲಿನ ಅನುಮಾನಕ್ಕೆ ನಿಜವಾದ ಬಲ ಬರುತ್ತದೆ. ಮೇಲೆ ದಪ್ಪಕ್ಷರದಲ್ಲಿ ಬರೆದ ಸಂಖ್ಯೆಯನ್ನು ಬಿಟ್ಟು, ಬದಿಯ ಲೇಬಲ್ಲಿನ ಕೋಷ್ಟಕದಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಎಂದಿದೆ ನೋಡಿ. 450 ವ್ಯಾಟ್ ಎಂದು ಹೇಳಿಕೊಂಡು 12 ವೋಲ್ಟಿನಲ್ಲಿ 16 ಆಂಪಿಯರ್ ಮಾತ್ರ ಇದ್ದರೆ, ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಸೇರಿ ಸಿಗುವುದು 192 ವ್ಯಾಟ್. ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ಎಸ್‌ಎಂಪಿಎಸ್‌ಗಳ ಲೇಬಲ್ಲನ್ನು ನಾನು ನಂಬುವುದಿಲ್ಲ, ಅವುಗಳ ತೂಕವೇ ಎಲ್ಲವನ್ನೂ ಹೇಳಿಬಿಡುತ್ತದೆ.

ಸರಾಸರಿ ಲೆಕ್ಕ ಸರಿಯಿದ್ದರೂ ಇನ್ನೊಂದು ತೊಡಕು ಉಳಿಯುತ್ತದೆ. ಈಚಿನ ದೊಡ್ಡ ಗ್ರಾಫಿಕ್ಸ್ ಕಾರ್ಡುಗಳು ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು, ತಮ್ಮ ಘೋಷಿತ ವ್ಯಾಟಿಗಿಂತ ಬಹಳ ಹೆಚ್ಚು ಎಳೆಯುತ್ತವೆ. ಎಸ್‌ಎಂಪಿಎಸ್‌ನ ರಕ್ಷಣಾ ವ್ಯವಸ್ಥೆ ಅದನ್ನು ಶಾರ್ಟ್ ಎಂದು ತಿಳಿದು ಕಡಿದುಬಿಡುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನದಂಡದಲ್ಲಿ, 100 ಮೈಕ್ರೊಸೆಕೆಂಡು ಹೊತ್ತು ಎರಡು ಪಟ್ಟು ಹೊರೆಯನ್ನು ತಡೆದುಕೊಳ್ಳಬೇಕು ಎಂಬ ನಿಯಮ ಸೇರಿದ್ದು ಈ ಕಾರಣಕ್ಕೆ. ಪರೀಕ್ಷೆಗೆ ಸುಲಭದ ದಾರಿ: ಗ್ರಾಫಿಕ್ಸ್ ಕಾರ್ಡಿನ ಪವರ್ ಮಿತಿಯನ್ನು ಅದರ ಸಾಫ್ಟ್‌ವೇರಿನಲ್ಲಿ ಶೇಕಡ 70ಕ್ಕೆ ಇಳಿಸಿ ಅದೇ ಗೇಮ್ ಆಡಿ. ರೀಸ್ಟಾರ್ಟ್ ನಿಂತುಹೋದರೆ, ಕರೆಂಟು ಪೂರೈಕೆಯ ಕಡೆಗೇ ಬೆರಳು ತೋರಿಸಬಹುದು.

ಮಲ್ಟಿಮೀಟರ್ ಇದೆ. ಎಲ್ಲಿ ಇಟ್ಟು ನೋಡ್ಬೇಕು?

ಮೀಟರನ್ನು ಡಿಸಿ 20 ವೋಲ್ಟಿಗೆ ಹಾಕಿ, ಯಂತ್ರವನ್ನು ಆನ್ ಮಾಡಿ. ಖಾಲಿ ಇರುವ ನಾಲ್ಕು ಪಿನ್ನಿನ ಹಳೆಯ ಬಗೆಯ ಕನೆಕ್ಟರಿನಲ್ಲಿ ಕಪ್ಪು ವೈರಿಗೆ ಕಪ್ಪು ಕಡ್ಡಿ, ಹಳದಿಗೆ ಕೆಂಪು ಕಡ್ಡಿ ಇಟ್ಟರೆ 11.40ರಿಂದ 12.60ರೊಳಗೆ ಬರಬೇಕು, ಕೆಂಪು ವೈರಿಗೆ ಇಟ್ಟರೆ 4.75ರಿಂದ 5.25. ಕಿತ್ತಳೆ ವೈರಿನ 3.3 ವೋಲ್ಟನ್ನು ಮದರ್‌ಬೋರ್ಡಿನ ದೊಡ್ಡ ಕನೆಕ್ಟರಿನ ಹಿಂಬದಿಯಿಂದ ನೋಡಬೇಕು, ಅದು 3.14ರಿಂದ 3.47. ಸುಮ್ಮನಿದ್ದಾಗ ನೋಡಿದರೆ ಪ್ರಯೋಜನ ಕಡಿಮೆ. ಹೊರೆ ಹಾಕುವ ಪ್ರೋಗ್ರಾಂ ಓಡಿಸಿ, 12 ಎಷ್ಟು ಇಳಿಯುತ್ತದೆ ನೋಡಿ. 12.1 ಇದ್ದದ್ದು 11.9ಕ್ಕೆ ಬಂದರೆ ಚಿಂತೆಯಿಲ್ಲ, 11.5ಕ್ಕೆ ಬಂದರೆ ಅದರ ದಿನ ಮುಗಿಯುತ್ತಾ ಬಂದಿದೆ. ಕಡ್ಡಿ ಜಾರಿ ಎರಡು ಪಿನ್ನಿಗೆ ಒಟ್ಟಿಗೆ ತಾಗದಂತೆ ಎಚ್ಚರ ಇರಲಿ. ಮೀಟರಿಗೆ ಕಾಣದ ವೇಗದ ಏರಿಳಿತಗಳೂ ಇರುತ್ತವೆ, ಅವಕ್ಕೆ ಆಸಿಲೋಸ್ಕೋಪ್ ಬೇಕು. ಆದ್ದರಿಂದ ಮೀಟರು ತಪ್ಪು ತೋರಿಸಿದರೆ ನಂಬಿ, ಸರಿ ತೋರಿಸಿದರೆ ಪೂರ್ತಿ ನಂಬಬೇಡಿ.

ಹಸಿರು ವೈರು, ಕಪ್ಪು ವೈರು ಶಾರ್ಟ್ ಮಾಡಿದ್ರೆ ಫ್ಯಾನ್ ತಿರುಗುತ್ತೆ. ಅಂದ್ರೆ ಎಸ್‌ಎಂಪಿಎಸ್ ಸರಿಯಿದೆ ಅಂತ ತಾನೇ?

ಪೂರ್ತಿ ಸತ್ತಿಲ್ಲ ಎಂದಷ್ಟೇ ಅದರ ಅರ್ಥ. ಒಂದು ಫ್ಯಾನು ಎರಡು ಮೂರು ವ್ಯಾಟ್ ಎಳೆಯುತ್ತದೆ, ನಿಮ್ಮ ಯಂತ್ರ ಇನ್ನೂರು ಮುನ್ನೂರು.

ಎಸ್‌ಎಂಪಿಎಸ್ ಬಿಚ್ಚಿ ಉಬ್ಬಿದ ಕೆಪಾಸಿಟರ್ ನಾನೇ ಬದಲಿಸಬಹುದಾ?

ಬೇಡ. 230 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ನಿಲ್ಲುತ್ತದೆ, ಪಿಎಫ್‌ಸಿ ಇದ್ದರೆ 380ರ ಮೇಲೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಮದರ್‌ಬೋರ್ಡಿನ ಮೇಲೆ ಉಬ್ಬಿದ ಕೆಪಾಸಿಟರ್ ಕಂಡರೆ ಮಾತು ಬೇರೆ, ಅಲ್ಲಿ ಅಪಾಯವಿಲ್ಲ. ಬೆಸುಗೆ ಬಲ್ಲವರು ಬದಲಿಸಬಹುದು.

## ಇನ್ನೂ ಆಳಕ್ಕೆ ಹೋಗುವವರಿಗೆ

ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ಕೆಂಪಗೆ ಬರುತ್ತೆ. ಹೆಸರಲ್ಲೇ ಪವರ್ ಇದೆಯಲ್ಲ, ಎಸ್‌ಎಂಪಿಎಸ್ಸೇ ಅಲ್ವಾ?

ಈ ಹೆಸರು ಎಷ್ಟೋ ಜನರನ್ನು ದಾರಿ ತಪ್ಪಿಸಿದೆ. ಹಿಂದಿನ ಬಾರಿ ಕ್ರಮವಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಶುರುವಾಗಿದೆ ಎಂಬುದಷ್ಟೇ 41 ಹೇಳುವ ಸಂಗತಿ. ಅದು ದಾಖಲಾಗುವುದೂ ಯಂತ್ರ ಮರಳಿ ಎದ್ದ ಮೇಲೆ. ನಿಂತ ಹೊತ್ತು ಬೇಕಾದರೆ ಅದರ ಜೊತೆ ಬರುವ 6008 ಎಂಬ ದಾಖಲೆಯನ್ನು ನೋಡಬೇಕು. 41ರ ಮೇಲೆ ಎರಡು ಬಾರಿ ಒತ್ತಿ ಡೀಟೇಲ್ಸ್ ಟ್ಯಾಬಿಗೆ ಹೋದರೆ ಬಗ್‌ಚೆಕ್‌ಕೋಡ್ ಎಂಬ ಸಾಲು ಸಿಗುತ್ತದೆ. ಅಲ್ಲಿ ಸೊನ್ನೆ ಅಲ್ಲದ ಸಂಖ್ಯೆ ಇದ್ದರೆ ಅದು ವಿಂಡೋಸ್ ಕಂಡುಹಿಡಿದ ದೋಷ, ಸಂಖ್ಯೆ ದಶಮಾನದಲ್ಲಿರುತ್ತದೆ: 159 ಎಂದರೆ ಡ್ರೈವರೊಂದು ಸ್ಲೀಪ್‌ನಿಂದ ಏಳುವಾಗ ಅಥವಾ ಮಲಗುವಾಗ ಸಿಕ್ಕಿಹಾಕಿಕೊಂಡಿದೆ, 292 ಎಂದರೆ ಹಾರ್ಡ್‌ವೇರ್ ತಾನೇ ದೋಷ ವರದಿ ಮಾಡಿದೆ. ಪವರ್‌ಬಟನ್‌ಟೈಮ್‌ಸ್ಟಾಂಪ್ ಎಂಬಲ್ಲಿ ಸೊನ್ನೆ ಇಲ್ಲದಿದ್ದರೆ ಯಾರೋ ಬಟನ್ ಒತ್ತಿ ಹಿಡಿದಿದ್ದಾರೆ; ಶಾಲೆಯ ಲ್ಯಾಬುಗಳಲ್ಲಿ ಇದನ್ನು ಮೊದಲು ನೋಡುವುದು ವಾಸಿ. ಎರಡೂ ಸೊನ್ನೆಯಾಗಿದ್ದರೆ ವಿಂಡೋಸ್‌ಗೆ ಏನೂ ಗೊತ್ತಾಗದೆ ಯಂತ್ರ ನಿಂತಿದೆ, ಆಗ ಕರೆಂಟು, ಎಸ್‌ಎಂಪಿಎಸ್, ಬಿಸಿ, ಮದರ್‌ಬೋರ್ಡ್ ಈ ನಾಲ್ಕರಲ್ಲಿ ಹುಡುಕಬೇಕು. 6008ರ ಹೊತ್ತುಗಳನ್ನು ಚೀಟಿಯಲ್ಲಿ ಬರೆದ ಮೋಟಾರಿನ, ಕರೆಂಟು ಹೋದ ಹೊತ್ತುಗಳ ಪಕ್ಕ ಇಟ್ಟು ನೋಡುವುದು ಇಲ್ಲಿಯೇ.

ಹೊಸ ಎಸ್‌ಎಂಪಿಎಸ್ ಹಾಕಿದ್ರೂ ನಿಂತಿಲ್ಲ. ಈಗೇನು ಮಾಡೋದು?

ಕ್ಯಾಬಿನೆಟ್ಟಿನ ರೀಸೆಟ್ ಬಟನ್ನಿನಿಂದ ಮದರ್‌ಬೋರ್ಡಿಗೆ ಹೋಗುವ ಎರಡು ಪಿನ್ನಿನ ವೈರನ್ನು ಕಿತ್ತುಬಿಡಿ. ಬಟನ್ ಒಳಗೆ ಅಂಟಿಕೊಂಡಿದ್ದರೆ ಅಷ್ಟಕ್ಕೇ ತೊಂದರೆ ಮುಗಿಯುತ್ತದೆ. ಪ್ರೊಸೆಸರಿನ ಹತ್ತಿರದ ನಾಲ್ಕು ಅಥವಾ ಎಂಟು ಪಿನ್ನಿನ 12 ವೋಲ್ಟ್ ಕನೆಕ್ಟರನ್ನು ತೆಗೆದು, ಯಾವುದಾದರೂ ಪಿನ್ ಕಂದಾಗಿದೆಯೇ ನೋಡಿ ಮತ್ತೆ ಒತ್ತಿ ಕೂರಿಸಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಇದ್ದರೆ ಆಫ್ ಮಾಡಿ. ನಂತರ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಎಂಬ ಪ್ರೋಗ್ರಾಂ ಅನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ದೋಷ ಬಂದರೂ ರ‍್ಯಾಮನ್ನು ಒಂದೊಂದಾಗಿ ಇಟ್ಟು ಪರೀಕ್ಷಿಸಬೇಕು. ಮೆಮ್‌ಟೆಸ್ಟ್ ನಡೆಯುವಾಗ ವಿಂಡೋಸ್ ಇರುವುದೇ ಇಲ್ಲ. ಆಗಲೂ ಯಂತ್ರ ತಾನಾಗಿ ರೀಸ್ಟಾರ್ಟ್ ಆದರೆ ವಿಂಡೋಸ್ ಮತ್ತು ಡ್ರೈವರುಗಳನ್ನು ಅನುಮಾನದ ಪಟ್ಟಿಯಿಂದ ಬಿಟ್ಟುಬಿಡಬಹುದು, ಫಾರ್ಮ್ಯಾಟ್ ಮಾಡುವ ಶ್ರಮವೂ ಉಳಿಯುತ್ತದೆ.

ಇಷ್ಟಾದರೂ ನಿಲ್ಲದಿದ್ದರೆ ಮದರ್‌ಬೋರ್ಡ್, ಪ್ರೊಸೆಸರ್, ಒಂದು ರ‍್ಯಾಮ್ ಮಾತ್ರ ಇಟ್ಟುಕೊಂಡು, ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರಗೆ ರಟ್ಟಿನ ಮೇಲೆ ಇಟ್ಟು ನಡೆಸಿ. ಹೊರಗೆ ಸರಿಯಾಗಿ ನಡೆದದ್ದು ಒಳಗೆ ಕೈಕೊಟ್ಟರೆ, ಬೋರ್ಡಿನ ಹಿಂದೆ ಜಾಗ ತಪ್ಪಿದ ಹಿತ್ತಾಳೆ ಕಂಬ ಅಥವಾ ಬಿದ್ದುಹೋದ ಸ್ಕ್ರೂ ಇರುತ್ತದೆ. ಗಡಿಯಾರ ಹಿಂದಕ್ಕೆ ಹೋಗುವುದನ್ನು ಕಂಡು ಸಿಆರ್2032 ಬ್ಯಾಟರಿಯನ್ನು ದೂರುವವರಿದ್ದಾರೆ. ಅದು ಸೋತರೆ ಸಮಯ ಮತ್ತು ಬಯೋಸ್ ಸೆಟ್ಟಿಂಗ್ ಹೋಗುತ್ತವೆ, ಓಡುತ್ತಿರುವ ಯಂತ್ರ ರೀಸ್ಟಾರ್ಟ್ ಆಗುವುದಿಲ್ಲ.

ಡಬ್ಲ್ಯುಎಚ್‌ಇಎ-ಲಾಗರ್ 18 ಅಂತಾನೂ ಬರ್ತಿದೆ. ಇದೇನು?

ಪ್ರೊಸೆಸರ್ ತನ್ನೊಳಗೆ ಅಥವಾ ತನ್ನ ದಾರಿಯಲ್ಲಿ ಸರಿಪಡಿಸಲಾಗದ ದೋಷ ಕಂಡಿದೆ ಎಂಬ ವರದಿ. ಓವರ್‌ಕ್ಲಾಕ್ ಮಾಡಿದ್ದರೆ, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುತ್ತಿದ್ದರೆ, ಎಲ್ಲವನ್ನೂ ಮೂಲ ಸ್ಥಿತಿಗೆ ತನ್ನಿ, ಬಯೋಸನ್ನು ಹೊಸ ಆವೃತ್ತಿಗೆ ಏರಿಸಿ. ಬಯೋಸ್ ಏರಿಸುವಾಗ ಕರೆಂಟು ಹೋದರೆ ಬೋರ್ಡೇ ಸಾಯಬಹುದು, ಆದ್ದರಿಂದ ಬ್ಯಾಟರಿ ಗಟ್ಟಿಯಿರುವ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈಹಾಕಬಾರದು. ಇಷ್ಟಾದ ಮೇಲೂ ಬರುತ್ತಿದ್ದರೆ ಪ್ರೊಸೆಸರ್ ಅಥವಾ ಅದಕ್ಕೆ ಕರೆಂಟು ಕೊಡುವ ಮದರ್‌ಬೋರ್ಡಿನ ಭಾಗ ದೋಷದ್ದು. ಗ್ಯಾರಂಟಿ ಅವಧಿ ಮುಗಿಯುವ ಮೊದಲು ತೋರಿಸಿ.

ನಾಳೆ ಬೆಂಗಳೂರಿಗೆ ಹೋಗ್ತಿದೀನಿ, ಎಸ್‌ಪಿ ರೋಡಲ್ಲಿ ಯಾವ ಎಸ್‌ಎಂಪಿಎಸ್ ತರ್ಲಿ?

ಬ್ರ್ಯಾಂಡಿನ ಹೆಸರಿಗಿಂತ ಲೇಬಲ್ಲು ಓದಿ ತನ್ನಿ. ಬಿಲ್ಲು ಮತ್ತು ಕನಿಷ್ಠ ಮೂರು ವರ್ಷದ ಗ್ಯಾರಂಟಿ, 100ರಿಂದ 240 ವೋಲ್ಟ್ ಒಳಬರುವ ಮಿತಿ, ಹೇಳಿದ ವ್ಯಾಟಿನ ಬಹುಪಾಲನ್ನು 12 ವೋಲ್ಟಿನಲ್ಲೇ ಕೊಡುವ ಆಂಪಿಯರ್, ಇಷ್ಟು ಇರಬೇಕು. 80 ಪ್ಲಸ್ ಗುರುತು ಕರೆಂಟು ಎಷ್ಟು ಪೋಲಾಗುತ್ತದೆ ಎಂಬುದರ ಅಳತೆ, ಬಾಳಿಕೆಯದಲ್ಲ. ಆದರೂ ಆ ಗುರುತು ಇರುವಂಥದ್ದರಲ್ಲಿ ಪಿಎಫ್‌ಸಿ ಇರುತ್ತದೆ ಎಂಬ ಕಾರಣಕ್ಕೆ ಅದನ್ನೇ ಆರಿಸುವುದು ಮೇಲು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಚೇರಿ ಯಂತ್ರಕ್ಕೆ ಒಳ್ಳೆಯ ತಯಾರಿಕೆಯ 400ರಿಂದ 450 ವ್ಯಾಟ್ ಧಾರಾಳ, ಅದಕ್ಕೆ 750 ವ್ಯಾಟ್ ಕೊಳ್ಳುವುದು ದಂಡ. ಹಿಂಬದಿಯಲ್ಲಿ 115 ಮತ್ತು 230 ಎಂಬ ಕೆಂಪು ಸ್ವಿಚ್ ಇರುವ ಹಳೆಯ ಮಾದರಿ ಕೊಟ್ಟರೆ ಬೇಡವೆನ್ನಿ. ಅದು 115ರಲ್ಲಿದ್ದಾಗ ನಮ್ಮ ಸಾಕೆಟ್ಟಿಗೆ ಸಿಕ್ಕಿಸಿದರೆ ಆ ಕ್ಷಣವೇ ಸಿಡಿಯುತ್ತದೆ.

ಕೇಬಲ್ಲುಗಳನ್ನು ಬಿಡಿಸಿ ಸಿಕ್ಕಿಸುವ ಮಾಡ್ಯುಲರ್ ಬಗೆಯದನ್ನು ತಂದರೆ, ಹಳೆಯ ಎಸ್‌ಎಂಪಿಎಸ್‌ನ ಕೇಬಲ್ಲುಗಳನ್ನೂ ಅದರ ಜೊತೆಗೇ ತೆಗೆದುಬಿಡಿ. ಡಿಸ್ಕಿನ ಕಡೆಯ ತುದಿ ಎಲ್ಲ ಕಂಪನಿಗಳಲ್ಲೂ ಒಂದೇ, ಆದರೆ ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಪಿನ್ನುಗಳ ಜೋಡಣೆ ಕಂಪನಿಗೊಂದು ಬಗೆ. ಹಳೆಯ ಕೇಬಲ್ಲು ಹೊಸದಕ್ಕೆ ಸಲೀಸಾಗಿ ಕೂರುತ್ತದೆ, 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ ಹಾರ್ಡ್‌ಡಿಸ್ಕು, ಎಸ್‌ಎಸ್‌ಡಿ ಎರಡೂ ಸುಟ್ಟುಹೋಗುತ್ತವೆ.